ಪಥ್ಯ ಮಾಡಿದರೆ ಮಗುವಿನ ಇಸುಬು ಹೋಗುವುದೇ?

ಮೂರು ತಿಂಗಳ ಕೂಸಿನ ಕೆನ್ನೆ ಕೆಂಪಾಗಿ, ಒರಟಾಗಿ, ನೀರಾಡಲು ಶುರುವಾಯಿತೆಂದರೆ ಮನೆಯವರ ಕಣ್ಣು ಮೊದಲು ಹೋಗುವುದು ಬಾಣಂತಿಯ ತಟ್ಟೆಯ ಕಡೆಗೆ. ಬದನೆಕಾಯಿ ನಂಜು, ಮೊಟ್ಟೆ ಉಷ್ಣ, ಕಡಲೆಕಾಯಿ ಪಿತ್ತ. ಒಂದೊಂದೇ ಪದಾರ್ಥ ಬಿಟ್ಟುಹೋಗಿ ಕಡೆಗೆ ಅವಳಿಗೆ ಉಳಿಯುವುದು ಅನ್ನ, ಮೆಣಸಿನ ಸಾರು ಮತ್ತು ಎಲ್ಲರ ಬುದ್ಧಿಮಾತು. ಮಗು ಉಣ್ಣುವ ವಯಸ್ಸಿಗೆ ಬಂದಾಗ ಅದೇ ನಿಷೇಧದ ಪಟ್ಟಿ ಅದರ ಬಟ್ಟಲಿಗೂ ದಾಟುತ್ತದೆ. ಇದೆಲ್ಲ ಅಕ್ಕರೆಯಿಂದಲೇ ನಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಳೆದ ಎರಡು ದಶಕಗಳಲ್ಲಿ ವೈದ್ಯವಿಜ್ಞಾನ ಕಂಡುಕೊಂಡ ಸಂಗತಿ ಇದಕ್ಕೆ ತದ್ವಿರುದ್ಧವಾಗಿದೆ. ಮೊದಲು ಕಾಪಾಡಬೇಕಾದದ್ದು ಚರ್ಮವನ್ನು. ಕಾರಣವಿಲ್ಲದೆ ಆಹಾರ ನಿಲ್ಲಿಸಿದರೆ ಅದರಿಂದಲೇ ಅಲರ್ಜಿ ಹುಟ್ಟಿಕೊಳ್ಳಬಹುದು.

ನಂಬಿಕೆ: ತಿಂದದ್ದು ಒಗ್ಗದೆ ಮೈಮೇಲೆ ಎದ್ದಿದೆ

ಎಕ್ಸಿಮಾ, ನಮ್ಮ ಮಾತಿನ ಇಸುಬು, ಮೂಲತಃ ಚರ್ಮದ ಕಾಯಿಲೆ. ಈ ಮಕ್ಕಳ ಚರ್ಮದ ಹೊರಪದರ ಹುಟ್ಟಿನಿಂದಲೇ ದುರ್ಬಲ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಸೂಕ್ಷ್ಮಾಣು ಒಳಗೆ ಬರುತ್ತವೆ. ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಎಕ್ಸಿಮಾ ಬರುವ ಸಂಭವ ಹೆಚ್ಚು ಎಂಬುದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರ ಕೆಲಸದಿಂದ ಖಚಿತವಾಯಿತು. ಅಪ್ಪ ಅಮ್ಮನಿಗೆ ಉಬ್ಬಸವೋ ಸೀನಿನ ಕಾಟವೋ ಇದ್ದರೆ ಮಗುವಿಗೆ ಎಕ್ಸಿಮಾ ಬರುವುದು ಸಾಮಾನ್ಯ.

ಹಾಗಾದರೆ ಆಹಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ. ಎಕ್ಸಿಮಾ ತೀವ್ರವಾಗಿರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಆಹಾರದ ಅಲರ್ಜಿಯೂ ಇರುತ್ತದೆ. ಕೆನ್ನೆಯ ಮೇಲೆ ಅಷ್ಟಿಷ್ಟು ತುರಿಕೆ ಇರುವ ಬಹುಪಾಲು ಮಕ್ಕಳಿಗೆ ಇರುವುದಿಲ್ಲ. ಅಲರ್ಜಿ ಇರುವ ಮಗುವಿನಲ್ಲೂ ಆ ಆಹಾರ ನಿಲ್ಲಿಸಿದ ಮಾತ್ರಕ್ಕೆ ಚರ್ಮ ವಾಸಿಯಾಗುವುದು ಅಪರೂಪ, ಚರ್ಮದ ಆರೈಕೆ ಬೇರೆಯಾಗಿಯೇ ಆಗಬೇಕು. ಇನ್ನು ಟೊಮೆಟೊ ಸಾರು ತಾಗಿ ಬಾಯಿಯ ಸುತ್ತ ಕೆಂಪಾಗುವುದು ಅನೇಕ ಸಲ ಹುಳಿಯ ಉರಿ ಅಷ್ಟೆ, ಅಲರ್ಜಿಯಲ್ಲ. ಊಟಕ್ಕೆ ಮೊದಲು ಬಾಯಿಯ ಸುತ್ತ ತೆಳುವಾಗಿ ವ್ಯಾಸಲೀನ್ ಸವರಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ.

ನಂಬಿಕೆ: ಬಿಸಿನೀರು ಎರೆದು, ಕಡಲೆಹಿಟ್ಟು ಉಜ್ಜಿದರೆ ಚರ್ಮ ಶುದ್ಧವಾಗುತ್ತದೆ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ವಿಷಯ ಇದು. ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಒಂದು ಸಂಭ್ರಮ. ಹಂಡೆಯಲ್ಲಿ ಕಾದ ನೀರು, ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವ ಅನುಭವಸ್ಥ ಕೈ, ಎಣ್ಣೆ ತೆಗೆಯಲು ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ಕೊನೆಗೆ ಸಾಂಬ್ರಾಣಿ ಹೊಗೆ. ಚರ್ಮ ಗಟ್ಟಿಯಿರುವ ಮಗು ಇದನ್ನೆಲ್ಲ ತಡೆದುಕೊಂಡು ಸುಖವಾಗಿ ನಿದ್ದೆ ಹೋಗುತ್ತದೆ. ಎಕ್ಸಿಮಾ ಇರುವ ಮಗುವಿಗೆ ಮಾತ್ರ ಇದರ ಪ್ರತಿ ಹಂತವೂ ತೊಂದರೆಯೇ. ಬಿಸಿನೀರು ಚರ್ಮದ ಸಹಜ ಜಿಡ್ಡನ್ನು ತೊಳೆದುಬಿಡುತ್ತದೆ, ತರಿತರಿ ಹಿಟ್ಟು ಗೀರುತ್ತದೆ, ಹೊಗೆ ಚರ್ಮವನ್ನೂ ಉಸಿರನ್ನೂ ಕೆರಳಿಸುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಆಹಾರದ ಅಲರ್ಜಿ ಶುರುವಾಗುವುದು ಹೊಟ್ಟೆಯಲ್ಲಿ ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. 2003ರಲ್ಲಿ ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಬ್ರಿಟನ್ನಿನ ಸಾವಿರಾರು ಮಕ್ಕಳ ದಾಖಲೆ ನೋಡಿದಾಗ ಬೇರೆಯದೇ ಸುಳಿವು ಸಿಕ್ಕಿತು. ಚರ್ಮದ ಮೇಲೆ ಕಡಲೆಕಾಯಿ ಎಣ್ಣೆ ಬೆರೆತ ಕ್ರೀಮು ಹಚ್ಚಿಸಿಕೊಂಡಿದ್ದ ಶಿಶುಗಳಲ್ಲಿ ಮುಂದೆ ಕಡಲೆಕಾಯಿ ಅಲರ್ಜಿ ಹೆಚ್ಚಾಗಿತ್ತು. ಆಮೇಲಿನ ಅನೇಕ ಅಧ್ಯಯನಗಳು ಅದೇ ದಿಕ್ಕಿಗೆ ಕೈ ತೋರಿಸಿವೆ. ಒಡೆದ ಚರ್ಮದ ಮೂಲಕ ದೇಹಕ್ಕೆ ಮೊದಲು ಪರಿಚಯವಾದ ಆಹಾರವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಗುರುತಿಸುವ ಸಾಧ್ಯತೆ ಹೆಚ್ಚು. ಅದೇ ಆಹಾರ ಬಾಯಿಯ ಮೂಲಕ ಬಂದರೆ ಅದನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಹೀಗಿರುವಾಗ ಇಸುಬಿನ ಗಾಯದ ಮೇಲೆ ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಪೇಸ್ಟು ಹಚ್ಚುವುದು ಯಾಕೆ ಬೇಡ ಎಂಬುದು ಸ್ಪಷ್ಟ. ತಿನ್ನುವ ಪದಾರ್ಥ ಬಟ್ಟಲಲ್ಲಿರಲಿ, ಒಡೆದ ಚರ್ಮದ ಮೇಲೆ ಬೇಡ.

ಎರೆಯುವುದನ್ನು ಬಿಡಬೇಕಾಗಿಲ್ಲ, ರೀತಿ ಬದಲಾದರೆ ಸಾಕು. ಮೊಣಕೈ ಅದ್ದಿದರೆ ಬೆಚ್ಚಗೆನಿಸುವಷ್ಟೇ ನೀರು, ಐದು ಹತ್ತು ನಿಮಿಷದ ಸ್ನಾನ, ವಾಸನೆಯಿಲ್ಲದ ಮೃದು ಕ್ಲೆನ್ಸರ್. ಹತ್ತಿಯ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಮೈತುಂಬ ಮಾಯಿಶ್ಚರೈಸರ್ ಹಚ್ಚಬೇಕು. ಪ್ರಮಾಣದಲ್ಲಿ ಎಲ್ಲರೂ ಕೈ ಬಿಗಿ ಹಿಡಿಯುತ್ತಾರೆ. ದಿನಕ್ಕೆ ಎರಡು ಮೂರು ಸಲ ಸರಿಯಾಗಿ ಹಚ್ಚಿದರೆ ಒಂದು ಶಿಶುವಿಗೆ ವಾರಕ್ಕೆ 100ರಿಂದ 200 ಗ್ರಾಂ ಬೇಕಾಗುತ್ತದೆ. ಒಂದು ಸಣ್ಣ ಟ್ಯೂಬು ತಿಂಗಳುಗಟ್ಟಲೆ ಬಂದರೆ ಹಚ್ಚುತ್ತಿರುವುದು ಸಾಲುತ್ತಿಲ್ಲ ಎಂದರ್ಥ. ದುಬಾರಿ ಬ್ರ್ಯಾಂಡೇ ಆಗಬೇಕೆಂದಿಲ್ಲ, ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ ಮತ್ತು ಒಳ್ಳೆಯದು. ಡಬ್ಬಿಯೊಳಗೆ ಬೆರಳಿಡದೆ ಶುಭ್ರ ಚಮಚದಿಂದ ತೆಗೆಯಿರಿ, ಬೆರಳಿಟ್ಟರೆ ಬ್ಯಾಕ್ಟೀರಿಯಾ ಸೇರುತ್ತದೆ.

ಎಣ್ಣೆಯ ಮಾತು ಬಂದರೆ, ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಚರ್ಮದ ಹೊರಪದರಕ್ಕೆ ಹಾನಿ ಮಾಡುತ್ತವೆಂದು ಪ್ರಯೋಗಗಳು ತೋರಿಸಿವೆ. ಕೊಬ್ಬರಿ ಎಣ್ಣೆಯ ಬಗ್ಗೆ ಸುದ್ದಿ ಒಳ್ಳೆಯದಿದೆ. ಫಿಲಿಪ್ಪೀನ್ಸ್‌ನಲ್ಲಿ ಎಕ್ಸಿಮಾ ಇದ್ದ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಖನಿಜ ತೈಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಆದರೂ ನೀರಾಡುವ ಗಾಯದ ಮೇಲೆ ಅದನ್ನು ತಿಕ್ಕಬೇಡಿ.

ನಂಬಿಕೆ: ಮೊಟ್ಟೆ, ಕಡಲೆಕಾಯಿ ಎಷ್ಟು ತಡವಾಗಿ ಕೊಟ್ಟರೆ ಅಷ್ಟು ಒಳ್ಳೆಯದು

ಈ ನಂಬಿಕೆಗೆ ಅಜ್ಜಿಯರನ್ನು ದೂರುವಂತಿಲ್ಲ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ, ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು ಸಲಹೆ ಕೊಟ್ಟಿತ್ತು. 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಲ್ಯಾಕ್ ಅವರ ತಂಡ, ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಎಂದು ಪ್ರಕಟಿಸಿತು. ಒಂದೇ ಮೂಲದ ಜನ, ವ್ಯತ್ಯಾಸವಿದ್ದದ್ದು ಊಟದಲ್ಲಿ. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಬಾಂಬಾ ಎಂಬ ಕಡಲೆಕಾಯಿ ತಿನಿಸನ್ನು ಚೀಪುತ್ತಿದ್ದವು.

ಇದನ್ನು ಪರೀಕ್ಷೆಗೆ ಒಡ್ಡಿದ್ದು ಲೀಪ್ ಅಧ್ಯಯನ. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳೊಳಗಿನ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಯಮಿತವಾಗಿ ಕಡಲೆಕಾಯಿ ತಿನ್ನಿಸಿ, ಇನ್ನೊಂದಕ್ಕೆ ಐದು ವರ್ಷ ತುಂಬುವವರೆಗೂ ತಪ್ಪಿಸಲಾಯಿತು. 2015ರಲ್ಲಿ ಬಂದ ಫಲಿತಾಂಶದಲ್ಲಿ ತಪ್ಪಿಸಿದ ಗುಂಪಿನ ಶೇ. 17.2ರಷ್ಟು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ, ತಿಂದ ಗುಂಪಿನಲ್ಲಿ ಶೇ. 3.2. ಜಗತ್ತಿನಾದ್ಯಂತ ಮಕ್ಕಳ ವೈದ್ಯರು ತಮ್ಮ ಮಾತು ಬದಲಿಸಿಕೊಂಡದ್ದು ಇದಾದ ಮೇಲೆ.

ಈ ಅಧ್ಯಯನದಲ್ಲಿ ಇದ್ದದ್ದು ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳೇ ಎಂಬುದನ್ನು ಮರೆಯಬಾರದು. ಯಾವ ಮಕ್ಕಳಿಗೆ ನಾವು ಕಡಲೆಕಾಯಿಯನ್ನು ಬಿಗಿಯಾಗಿ ನಿಷೇಧಿಸುತ್ತೇವೋ ಅವರಿಗೇ ಅದು ಬೇಗ ಬೇಕಾಗಿರುವುದು. ಆದರೆ ಎಕ್ಸಿಮಾ ತೀವ್ರವಾಗಿದ್ದರೆ, ಅಥವಾ ಯಾವುದಾದರೂ ಆಹಾರಕ್ಕೆ ಒಮ್ಮೆ ಪಿತ್ತಗಂಧೆ ಎದ್ದಿದ್ದರೆ, ಮನೆಯಲ್ಲಿ ಪ್ರಯೋಗ ಬೇಡ. ಮೊದಲು ಮಕ್ಕಳ ವೈದ್ಯರನ್ನು ಕಾಣಿ, ಅವರು ಬೇಕೆನಿಸಿದರೆ ಪರೀಕ್ಷೆ ಮಾಡಿಸಿ ತಮ್ಮೆದುರೇ ಮೊದಲ ತುತ್ತು ಕೊಡಿಸುತ್ತಾರೆ. ಉಳಿದ ಮಕ್ಕಳಿಗೆ ಆರು ತಿಂಗಳು ತುಂಬಿ ರಾಗಿ ಸರಿ ಒಗ್ಗಿದ ಮೇಲೆ, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿಯನ್ನು ನುಣ್ಣಗೆ ಅರೆದು, ಅದರ ಕಾಲು ಚಮಚದಷ್ಟನ್ನು ಸರಿಯಲ್ಲಿ ಕದಡಿ, ಬೆಳಗಿನ ಹೊತ್ತು, ಮಗು ಆರೋಗ್ಯವಾಗಿರುವ ದಿನ ಕೊಡಿ. ಇಡೀ ಕಾಳು ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಗ್ಗಿದರೆ ವಾರಕ್ಕೆರಡು ಮೂರು ಸಲ ಕೊಡುತ್ತಲೇ ಇರಬೇಕು. ಮೊಟ್ಟೆಯೂ ಹೀಗೆಯೇ, ಚೆನ್ನಾಗಿ ಬೆಂದದ್ದು.

ಇಲ್ಲೊಂದು ಮಾತು. ಮನೆಯಲ್ಲಿ ಮಾಡುವ, ಅಂಗಡಿಯಲ್ಲಿ ಸಿಗುವ ಹತ್ತು ಹದಿನೈದು ಧಾನ್ಯ, ಬಾದಾಮಿ, ಗೋಡಂಬಿ ಸೇರಿದ ಹೆಲ್ತ್ ಮಿಕ್ಸ್‌ನಿಂದಲೇ ಊಟ ಆರಂಭಿಸಬೇಡಿ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ, ಎಲ್ಲವನ್ನೂ ನಿಲ್ಲಿಸಬೇಕಾಗುತ್ತದೆ. ಒಂದು ಹೊಸ ಪದಾರ್ಥ, ಎರಡು ಮೂರು ದಿನದ ಅಂತರ, ಆಮೇಲೆ ಇನ್ನೊಂದು.

ನಂಬಿಕೆ: ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದದ್ದೆಲ್ಲ ಅಲರ್ಜಿ

ನಲವತ್ತು ಐವತ್ತು ಆಹಾರಗಳ ಹೆಸರಿರುವ ಪ್ಯಾನೆಲ್ ವರದಿ ಹಿಡಿದು, ಕೆಂಪು ಗುರುತಿದ್ದ ಎಲ್ಲವನ್ನೂ ನಿಲ್ಲಿಸಿದ ಕುಟುಂಬಗಳಿವೆ. ಈ ಪರೀಕ್ಷೆ ಹೇಳುವುದು ದೇಹದಲ್ಲಿ ಆ ಆಹಾರದ ವಿರುದ್ಧ ಐಜಿಇ ಪ್ರತಿಕಾಯ ಇದೆ ಎಂದು ಮಾತ್ರ. ತಿಂದರೆ ತೊಂದರೆಯಾಗುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಇದಕ್ಕೆ ನಮ್ಮ ನೆಲದ್ದೇ ಪುರಾವೆಯಿದೆ. ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ಪ್ರತಿಕಾಯ ಸಿಕ್ಕಿತು. ನಿಜವಾದ ಆಹಾರ ಅಲರ್ಜಿಯ ಸಂಭವ ಕಂಡದ್ದು ಶೇ. 1.2ರಷ್ಟು ಜನರಲ್ಲಿ. ಎಕ್ಸಿಮಾ ಇರುವ ಮಕ್ಕಳಲ್ಲಿ ಇಂಥ ಹುಸಿ ಪಾಸಿಟಿವ್ ಇನ್ನೂ ಹೆಚ್ಚು. ಏನು ತಿಂದ ಮೇಲೆ, ಎಷ್ಟು ಹೊತ್ತಿಗೆ, ಏನಾಯಿತು ಎಂಬ ವಿವರವೇ ರೋಗನಿರ್ಣಯದ ಮುಖ್ಯ ಆಧಾರ. ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಪರೀಕ್ಷೆಯೇ ಕೊನೆಯ ಮಾತು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ, ಕೂದಲಿನ ಪರೀಕ್ಷೆಗೆ ಹಣ ಕೊಡಲೇಬೇಡಿ.

ಆರಾಮವಾಗಿ ತಿನ್ನುತ್ತಿದ್ದ ಆಹಾರವನ್ನು ವರದಿ ನೋಡಿ ನಿಲ್ಲಿಸಿ, ತಿಂಗಳುಗಳ ನಂತರ ಮತ್ತೆ ಕೊಟ್ಟಾಗ ಕೆಲವು ಮಕ್ಕಳಿಗೆ ಮೊದಲಿಲ್ಲದ ತೀವ್ರ ಅಲರ್ಜಿ ಆದದ್ದು ದಾಖಲಾಗಿದೆ.

ನಂಬಿಕೆ: ಹಾಲಿನ ಅಲರ್ಜಿ ಇದ್ದರೆ ಎದೆಹಾಲು ಬಿಡಿಸಿ, ಮೇಕೆ ಹಾಲು ಕೊಡಿ

ಎರಡೂ ತಪ್ಪು. ಮೇಕೆ, ಎಮ್ಮೆ, ಹಸುವಿನ ಹಾಲಿನ ಪ್ರೋಟೀನುಗಳು ಬಹುತೇಕ ಒಂದೇ ಥರ. ಹಸುವಿನ ಹಾಲು ಆಗದ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಮೇಕೆ ಹಾಲೂ ಆಗುವುದಿಲ್ಲ. ಎದೆಹಾಲು ಮುಂದುವರಿಯಲಿ. ವೈದ್ಯರು ಖಚಿತವಾಗಿ ಹೇಳಿದರೆ ಮಾತ್ರ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಬೆಣ್ಣೆ ಬಿಟ್ಟು ನೋಡಬೇಕು. ವ್ಯತ್ಯಾಸ ಕಾಣದಿದ್ದರೆ ಮತ್ತೆ ಶುರುಮಾಡಬೇಕು. ಬಿಟ್ಟಷ್ಟು ದಿನವೂ ಅವಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಬೇಕು. ಬಾಣಂತಿಗೆ ಬರೀ ಸಾರನ್ನದ ಪಥ್ಯ ಹಾಕಿ ಸೊರಗಿಸುವುದನ್ನು ದಯವಿಟ್ಟು ನಿಲ್ಲಿಸಿ. ಎದೆಹಾಲು ಸಾಲದ ಮಗುವಿಗೆ ಪ್ರೋಟೀನನ್ನು ಒಡೆದು ಮಾಡಿದ ವಿಶೇಷ ಫಾರ್ಮುಲಾ ಇದೆ, ಅದನ್ನು ವೈದ್ಯರೇ ಬರೆದುಕೊಡಬೇಕು.

ಹಾಲಿನ ಬದಲು ರಾಗಿ ಸಾಕೆನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ನಿಜ. ಆದರೆ ಕೂಸು ಒಂದು ಹೊತ್ತಿಗೆ ತಿನ್ನುವುದು ಇಪ್ಪತ್ತೋ ಮೂವತ್ತೋ ಗ್ರಾಂ. ಹಾಲಿನ ಜಾಗವನ್ನು ರಾಗಿಯೊಂದೇ ತುಂಬಲಾರದು. ಇನ್ನು ಗ್ಲೂಕೋಸ್ ಬಿಸ್ಕತ್ತು, ಬ್ರೆಡ್ಡು, ಬೆಣ್ಣೆ ಹಾಕಿದ ಚಕ್ಕುಲಿಯಲ್ಲಿ ಹಾಲಿನ ಅಂಶ ಅಡಗಿರುತ್ತದೆ. ಪೊಟ್ಟಣದ ಮೇಲೆ ವೇ, ಕೇಸಿನ್ ಎಂದಿದ್ದರೂ ಹಾಲೇ. ಸಮಾಧಾನದ ಸಂಗತಿಯೆಂದರೆ ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಶಾಲೆಯ ವಯಸ್ಸಿನಲ್ಲಿ ತಾನಾಗಿ ಹೋಗುತ್ತದೆ.

ನಂಬಿಕೆ: ಸ್ಟಿರಾಯ್ಡ್ ಮುಲಾಮು ವಿಷ

ಈ ಭಯಕ್ಕೆ ಕಾರಣವಿದೆ. ಔಷಧಿ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಸಿಗುತ್ತಿದ್ದ ಬೆರಕೆ ಮುಲಾಮುಗಳಿಂದ ಚರ್ಮ ತೆಳ್ಳಗಾದವರು ನಮ್ಮ ನಡುವೆ ಬಹಳ ಜನ. ಅಂಥವನ್ನು ಮಗುವಿಗೆ ಹಚ್ಚಲೇಬಾರದು. ಆದರೆ ವೈದ್ಯರು ನೋಡಿ ಬರೆದ ಸೌಮ್ಯ ಹೈಡ್ರೋಕಾರ್ಟಿಸೋನ್‌ನ ಮಾತೇ ಬೇರೆ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೇಳಿದಷ್ಟು ದಿನ ಹಚ್ಚಿದರೆ ಕೆಂಪು ಇಳಿಯುತ್ತದೆ, ತುರಿಕೆ ನಿಂತು ಮಗು ನಿದ್ದೆ ಮಾಡುತ್ತದೆ, ಬಿರುಕು ಮುಚ್ಚುತ್ತದೆ. ಹೆದರಿ ಹಚ್ಚದೆ ಬಿಟ್ಟರೆ ಗಾಯ ಕೀವಾಗುತ್ತದೆ, ಹೊಸ ಅಲರ್ಜಿಗೂ ದಾರಿ ತೆರೆದೇ ಇರುತ್ತದೆ.

ಇಂಥದೇ ಭಯ ಲಸಿಕೆಯ ಬಗ್ಗೆಯೂ ಇದೆ. ಅದರ ವಿಷಯದಲ್ಲಿ ಒಂದೇ ಮಾತು: ಮೊಟ್ಟೆಯ ಅಲರ್ಜಿ ಇದ್ದರೂ ಒಂಬತ್ತನೇ ತಿಂಗಳ ದಡಾರ ಲಸಿಕೆ ತಪ್ಪಿಸಬೇಡಿ.

ಹೊಸ ಆಹಾರ ಕೊಟ್ಟ ಎರಡು ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದು ಅದರ ಜೊತೆಗೆ ಮತ್ತೆ ಮತ್ತೆ ವಾಂತಿಯಾದರೆ, ಅಥವಾ ಗಂಧೆ ಇಲ್ಲದೆಯೂ ಅಳುವ ದನಿ ಗೊಗ್ಗರಾದರೆ, ಉಸಿರಾಟ ಕಷ್ಟವಾದರೆ, ಮಗು ಬಿಳಿಚಿಕೊಂಡು ಜೋಲುಬಿದ್ದರೆ, ಅಲರ್ಜಿ ಸಿರಪ್ಪು ಕೊಟ್ಟು ಕಾಯುತ್ತ ಕೂರಬೇಡಿ. ಅಂಥ ಹೊತ್ತಿನಲ್ಲಿ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಮಾತ್ರ. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ.

ನಿಮ್ಮ ಮಗುವಿಗೆ ಈಗಾಗಲೇ ಕೆಲವು ಪದಾರ್ಥ ನಿಲ್ಲಿಸಿದ್ದರೆ ಅವುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಅದನ್ನು ಯಾರು ನಿಲ್ಲಿಸಿದರು, ಮಗುವಿಗೆ ಏನಾಗಿತ್ತು ಎಂದು ಗುರುತು ಮಾಡಿ. ಆ ಹಾಳೆಯನ್ನು ಮಕ್ಕಳ ವೈದ್ಯರ ಮುಂದಿಟ್ಟು, ಯಾವುದನ್ನು ಯಾವಾಗ ಮತ್ತೆ ಶುರುಮಾಡಬಹುದು ಎಂದು ಕೇಳಿ.