ಎ.ಸಿ. ಕೊಳ್ಳುವ ಮೊದಲು ಮಾಳಿಗೆ ನೋಡಿ

ಹೊತ್ತು ಮುಳುಗಿದರೂ ಮನೆಯೊಳಗೆ ಸೆಕೆ ಇಳಿಯುತ್ತಿಲ್ಲವೇ? ಫ್ಯಾನು ಹಾಕಿದರೆ ಬಿಸಿಗಾಳಿಯೇ ಬರುತ್ತದೆಯೇ? ಕಾರಣ ನಿಮ್ಮ ತಲೆಯ ಮೇಲೇ ಇದೆ.

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆ ಹಗಲೆಲ್ಲ ಕಾವು ಹೀರಿ, ರಾತ್ರಿ ಅದನ್ನು ಕೋಣೆಗೆ ಇಳಿಸುತ್ತದೆ. ಮನೆ ನವೀಕರಣಕ್ಕೆ ಕೈಹಾಕಿದ್ದೀರಾ? ಮಾಳಿಗೆಗೆ ಕಾವು ತಡೆಯುವ ಪದರ, ಅಂದರೆ ಇನ್ಸುಲೇಷನ್, ಹಾಕಿಸಲು ಇದೇ ಸರಿಯಾದ ಸಮಯ.

ಮೊದಲು ಸೋರಿಕೆ ನಿಲ್ಲಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ. ಒದ್ದೆಯಾದರೆ ಯಾವ ಇನ್ಸುಲೇಷನ್ನೂ ಸರಿಯಾಗಿ ಕೆಲಸ ಮಾಡದು.

ಈಗ ಮಣ್ಣಿನ ಕುಡಿಕೆಗಳನ್ನು ಮಾಳಿಗೆಯ ಮೇಲೆ ಬೋರಲಾಗಿ, ಒತ್ತೊತ್ತಾಗಿ ಜೋಡಿಸಿ. ಸಂದುಗಳಿಗೆ ಸುಣ್ಣ, ಇಟ್ಟಿಗೆ ಪುಡಿಯ ಗಾರೆ ತುಂಬಿ. ನೀರು ಹರಿದುಹೋಗುವಂತೆ ಇಳಿಜಾರು ಕೊಟ್ಟು, ಮೇಲೆ ಬಿಳಿ ಟೈಲ್ಸ್ ಚೂರು ಹಾಸಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ; ಕುಡಿಕೆಯೊಳಗೆ ಸಿಕ್ಕ ಗಾಳಿ ಉಳಿದ ಕಾವನ್ನು ತಡೆಯುತ್ತದೆ. ಕಾಂಕ್ರೀಟೇ ಕಾಯದಿದ್ದರೆ ರಾತ್ರಿ ಕೋಣೆಯೂ ಕಾಯುವುದಿಲ್ಲ.

ಆದರೆ ಇದಕ್ಕೆ ತೂಕ ಹೆಚ್ಚು. ಮಾಳಿಗೆ ತಾಳುತ್ತದೆಯೇ ಎಂದು ಎಂಜಿನಿಯರರನ್ನು ಕೇಳಿಯೇ ಮುಂದುವರಿಯಿರಿ.

ತಾಳದಿದ್ದರೆ ಒಳಗಿನಿಂದ ಮಾಡಿ. ಫಾಲ್ಸ್ ಸೀಲಿಂಗ್ ಮೇಲೆ ತೆಂಗಿನ ನಾರಿನ ಹಾಸು ಹರಡಿ. ವೈರುಗಳು ಪೈಪಿನೊಳಗೇ ಇರಲಿ.

ಮನೆಗಳ ಇಂಧನ ಉಳಿತಾಯಕ್ಕಾಗಿ ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಛಾವಣಿಗೆ ಮಿತಿ ಹಾಕಿದೆ: ಒಳಗೂ ಹೊರಗೂ ಇರುವ ಒಂದು ಡಿಗ್ರಿ ತಾಪಮಾನ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಕಾವು ದಾಟಬಾರದು. ಬರಿಯ ಆರ್‌ಸಿಸಿ ಮಾಳಿಗೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ದಾಟುತ್ತದೆ.

ಕೈಯಲ್ಲಿ ಹಣ ಕಡಿಮೆಯೇ? ಬೇಸಿಗೆಗೆ ಮುಂಚೆ ಮಾಳಿಗೆಗೆ ಸುಣ್ಣವನ್ನಾದರೂ ಬಳಿಸಿ. ಪ್ರತಿ ವರ್ಷ ಬಳಿಸಿ. ತಂಪಾದ ನಿದ್ದೆ ಮನೆಯವರೆಲ್ಲರ ಹಕ್ಕು.