ಹಿರಿಯ ಕೂಸಿನ ಹುಣ್ಣಿಮೆ

ಎರಡನೆಯ ಕೂಸು ತೊಟ್ಟಿಲಿಗೆ ಬಂದ ಮನೆಯಲ್ಲಿ, ಅಲ್ಲಿಯವರೆಗೆ ಏಕಚ್ಛತ್ರಾಧಿಪತ್ಯವನ್ನು ಅನುಭವಿಸುತ್ತಿದ್ದ ಮೊದಲನೆಯ ಕೂಸು ಒಂದೇ ದಿನದಲ್ಲಿ ‘ದೊಡ್ಡದು’ ಎನಿಸಿಕೊಂಡುಬಿಡುತ್ತದೆ. ಎರಡೂವರೆ ವರ್ಷದ ಪ್ರಾಯದಲ್ಲಿ ಪ್ರಾಪ್ತವಾದ ಈ ದೊಡ್ಡತನವನ್ನು ಅದು ಬೇಡಿದ್ದೂ ಇಲ್ಲ, ಬಯಸಿದ್ದೂ ಇಲ್ಲ. ಎಣ್ಣೆ, ಬಿಸಿನೀರು, ಕುಲಾವಿ, ದೃಷ್ಟಿಬೊಟ್ಟು, ಜೋಗುಳ ಎಂದು ಸಂಪ್ರದಾಯದ ಸಮಸ್ತ ಸಂಭಾರವೂ ಎಳೆಗೂಸಿನ ಸುತ್ತಲೇ ನೆರೆದಿರುವಾಗ, ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಹೆಬ್ಬೆರಳು ಚೀಪುತ್ತ ನಿಂತ ಈ ಪದಚ್ಯುತ ಅರಸನಿಗಾಗಿ ನಮ್ಮ ಹಿರಿಯರು ಏನನ್ನಾದರೂ ವಿಧಿಸಿದ್ದಾರೆಯೇ ಎಂದು ವಿಚಾರಿಸಹೊರಟರೆ, ಉತ್ತರ ಬೇಗನೆ ದೊರೆಯುವುದಿಲ್ಲ. ಆದರೆ ಧಾರವಾಡ, ವಿಜಯಪುರ, ಉಡುಪಿಗಳ ಕಡೆಯಿಂದ ಹೋಗಿ ಪುಣೆಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಆಶ್ವಯುಜ ಕಾಲಿಟ್ಟೊಡನೆ ಆ ಉತ್ತರ ನೆರೆಮನೆಯಿಂದಲೇ ಬರುವುದುಂಟು. ಪುಣೆಯ ಶರದೃತು, ನಾನು ಕಂಡಮಟ್ಟಿಗೆ, ಹಿರಿಯ ಕೂಸಿನ ಋತು.

ಋತುವಿನ ಸ್ವಭಾವವನ್ನು ಮೊದಲು ಹೇಳಬೇಕು. ಭಾರತದ ಹವಾಮಾನ ಇಲಾಖೆಯ ಕೇಂದ್ರಕಚೇರಿ 1928ರಲ್ಲಿ ಸಿಮ್ಲಾದಿಂದ ಇಳಿದು ಬಂದು ನೆಲೆಸಿದ ಊರು ಪುಣೆ. ಕೇಂದ್ರಕಚೇರಿ ದೆಹಲಿಗೆ ಹೋಗಿ ದಶಕಗಳೇ ಕಳೆದಿದ್ದರೂ ಶಿವಾಜಿನಗರದ ಆ ಕಲ್ಲುಕಟ್ಟಡವನ್ನು ಜನ ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಅಂಥ ಊರಿನವರು ಹವೆಯ ವಿಷಯದಲ್ಲಿ ಸೂಕ್ಷ್ಮದೃಷ್ಟಿಯವರಾಗಿರುವುದು ಸಹಜ. ಮಳೆಗಾಲ ಹಿಂದೆ ಸರಿದ ಮೇಲಿನ ಬಿಸಿಲಿಗೆ ಅವರು ‘ಆಕ್ಟೋಬರ್ ಹೀಟ್’ ಎಂದು ಹೆಸರಿಟ್ಟು ಅದನ್ನೊಂದು ಪ್ರತ್ಯೇಕ ಋತುವಿನಂತೆಯೇ ಗಣಿಸುತ್ತಾರೆ. ಹಗಲಿನಲ್ಲಿ ಸುಮಾರು 32 ಡಿಗ್ರಿ, ಬೆಳಗಿನ ಜಾವಕ್ಕೆ 19ರ ಆಸುಪಾಸು, ಕಾರ್ತಿಕದಲ್ಲಿ ಇನ್ನೂ ಕೆಳಗೆ. ಎಳೆಗೂಸಿಗೆ ಮಧ್ಯಾಹ್ನ ತೆಳ್ಳನೆಯ ಜುಬ್ಬ, ನಡುರಾತ್ರಿಗೆ ಕುಲಾವಿ ಮತ್ತು ದುಪ್ಪಟಿ ಬೇಕಾಗುವ ಕಾಲವಿದು. ಸೆಕೆಯೆಂದು ಆರು ತಿಂಗಳೊಳಗಿನ ಕೂಸಿಗೆ ಚಮಚದಲ್ಲಿ ನೀರು ಕುಡಿಸುವ ಮೋಹವನ್ನು ಅಜ್ಜಿಯರು ಬಿಡಬೇಕು. ತಾಯಿಯ ಹಾಲಿನಲ್ಲಿ ಅದಕ್ಕೆ ಬೇಕಾದಷ್ಟು ನೀರಿದೆ. ಮಳೆ ನಿಂತಮೇಲೆ ಹೂಕುಂಡದ ತಟ್ಟೆಯಲ್ಲಿ ಉಳಿದ ನೀರಿನಿಂದ ಡೆಂಗಿಯ ಸೊಳ್ಳೆ ಏಳುವುದೂ ಈಗಲೇ. ಅದು ಹಗಲಿನಲ್ಲಿ ಕಚ್ಚುವ ಜಾತಿಯಾದುದರಿಂದ ಸೊಳ್ಳೆಪರದೆ ಹಗಲುನಿದ್ದೆಗೂ ಬೇಕು.

ಸೆಪ್ಟೆಂಬರ್ ಕೊನೆಗೆ ಸೂರ್ಯನು ಹಸ್ತಾನಕ್ಷತ್ರವನ್ನು ಪ್ರವೇಶಿಸುತ್ತಾನೆ. ನಮ್ಮ ರೈತ ಅದನ್ನು ಹಸ್ತ ಮಳೆಯೆಂದು ಕರೆದು ಹಿಂಗಾರಿಯ ಬಿತ್ತನೆಯ ಲೆಕ್ಕ ಹಾಕುತ್ತಿರುವಾಗ, ಪುಣೆಯ ಹೆಣ್ಣುಮಕ್ಕಳು ಮಣೆಯ ಮೇಲೆ ಆನೆಯ ಚಿತ್ರ ಬರೆದು, ಅದನ್ನು ನಡುವಿಗಿಟ್ಟು, ಕೈಕೈ ಹಿಡಿದು ಸುತ್ತುತ್ತ ಹಾಡುತ್ತಾರೆ; ಇದು ಭೋಂಡ್ಲಾ, ಕೊಲ್ಹಾಪುರದ ಕಡೆಗೆ ಹಾದಗಾ. ಹಾಡು ಮುಗಿದ ಮೇಲೆ ಮುಚ್ಚಿದ ಡಬ್ಬಿಯನ್ನು ಅಲುಗಾಡಿಸಿ ಒಳಗಿನ ತಿನಿಸು ಯಾವುದೆಂದು ಊಹಿಸಬೇಕು. ಆ ತಿನಿಸಿಗೆ ಖಿರಾಪತ್ ಎಂದು ಹೆಸರು. ಬಾಣಂತಿ ತಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕುಳಿತಿರುವಾಗ, ಎರಡೂವರೆಯ ಪೋರ ಹಾಡಿನ ಗೊಡವೆಗೆ ಹೋಗದೆ ಆನೆಯ ಪಕ್ಕದಲ್ಲೇ ಮಣೆಯೇರಿ ಕೂತರೆ, ಸುತ್ತುವವರು ಆನೆಗೂ ಅವನಿಗೂ ಕೂಡಿಯೇ ಪ್ರದಕ್ಷಿಣೆ ಹಾಕುತ್ತಾರೆ. ಎಷ್ಟೋ ದಿನಗಳ ಮೇಲೆ ಅವನು ಮಧ್ಯಸ್ಥಾನಕ್ಕೆ ಮರಳಿದ್ದಾನೆ.

ಈ ಮನ್ನಣೆ ಶಾಸ್ತ್ರೋಕ್ತವಾಗುವುದು ನವರಾತ್ರಿ ಕಳೆದು ಬರುವ ಹುಣ್ಣಿಮೆಯ ರಾತ್ರಿ. ಅದೇ ಹುಣ್ಣಿಮೆ ಉತ್ತರ ಕರ್ನಾಟಕಕ್ಕೆ ಸೀಗಿ ಹುಣ್ಣಿಮೆ, ಮಲೆನಾಡಿಗೆ ಭೂಮಿ ಹುಣ್ಣಿಮೆ: ತೆನೆ ತುಂಬಿದ ಭೂಮಿಯನ್ನು ಬಸುರಿಯೆಂದು ಭಾವಿಸಿ, ಬಸುರಿಗೆ ಬಯಕೆಯೂಟ ಬಡಿಸುವಂತೆ, ಬಗೆಬಗೆಯ ಅಡಿಗೆಯನ್ನು ಹೊಲಕ್ಕೆ ಹೊತ್ತೊಯ್ದು ಚರಗ ಚೆಲ್ಲುವ ದಿನ. ಪುಣೆಯಲ್ಲಿ ಅದು ಕೋಜಾಗಿರಿ. ಮಹಡಿಯ ಮೇಲೆ ಹಾಲನ್ನು ಕುದಿಸಿ, ಕೇಸರಿ, ಏಲಕ್ಕಿ, ಜಾಯಿಕಾಯಿ, ಬಾದಾಮಿ, ಪಿಸ್ತಾ ಬೆರೆಸಿ, ಬೆಳುದಿಂಗಳು ಬೀಳುವಂತೆ ಇಟ್ಟು ಕುಡಿಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕಡಮೆ ಪ್ರಸಿದ್ಧವಾದ, ನನಗೆ ಅದಕ್ಕಿಂತ ಪ್ರಿಯವಾದ ಆಚಾರ ಇನ್ನೊಂದಿದೆ: ಅಂದು ತಾಯಿ ತನ್ನ ಜ್ಯೇಷ್ಠ ಸಂತಾನಕ್ಕೆ, ಅದು ಗಂಡಾಗಲಿ ಹೆಣ್ಣಾಗಲಿ, ಮಣೆ ಹಾಕಿ ಕುಂಕುಮವಿಟ್ಟು ಆರತಿ ಬೆಳಗಿ ಹೊಸ ಬಟ್ಟೆ ಕೊಡುತ್ತಾಳೆ. ಇದನ್ನು ಆಶ್ವಿನಿ ಎನ್ನುತ್ತಾರೆ. ಕಿರಿಯದಕ್ಕೆ ಅಂದು ಪಾಲಿಲ್ಲ. ತನ್ನನ್ನು ತಾಯಿಯನ್ನಾಗಿ ಮಾಡಿದ ಮೊದಲ ಕೂಸಿಗೆ ವರ್ಷದಲ್ಲೊಂದು ದಿನವನ್ನು ಮೀಸಲಿಡುವ ಈ ಪದ್ಧತಿಯನ್ನು ರೂಢಿಸಿದವರು ಯಾರೋ ತಿಳಿಯದು; ಎರಡು ಮಕ್ಕಳನ್ನು ಒಟ್ಟಿಗೆ ಸಾಕಿ ಸಾಕಾಗಿ ಹೋದ ಹೆಂಗಸೇ ಇರಬೇಕು. ನಮ್ಮ ಕಡೆಯ ಹುಣ್ಣಿಮೆ ಬಸುರನ್ನು ಮನ್ನಿಸಿದರೆ ಇವರ ಹುಣ್ಣಿಮೆ ಚೊಚ್ಚಲನ್ನು ಮನ್ನಿಸುತ್ತದೆ. ಎರಡನ್ನೂ ಆಚರಿಸುವ ಕೋಥರೂಡಿನ ಕನ್ನಡ ಮನೆಗಳನ್ನು ನಾನು ಬಲ್ಲೆ. ಹಾಲಿನ ಮಾತಿಗೆ ಒಂದು ಎಚ್ಚರಿಕೆ: ಸಣ್ಣ ಮಕ್ಕಳಿಗೆ ಇಡಿ ಬಾದಾಮಿ ಗಂಟಲಲ್ಲಿ ಸಿಕ್ಕಿಕೊಂಡೀತು, ನುಣ್ಣಗೆ ಪುಡಿ ಮಾಡಿಯೇ ಹಾಕಬೇಕು, ವರ್ಷ ತುಂಬದ ಕೂಸಿಗೆ ಆ ಹಾಲೇ ಬೇಡ.

ಅಜ್ಜಿಯರ ಕೈಯ ಎಣ್ಣೆಸ್ನಾನದ ವಿಷಯದಲ್ಲಿ ನನಗೆ ತಕರಾರಿಲ್ಲ. ಮೃದುವಾಗಿ ತಿಕ್ಕಿದರೆ ಕೂಸು ಸುಖವಾಗಿ ಮಲಗುತ್ತದೆ. ಆದರೆ ಕಿವಿಮೂಗುಗಳಿಗೆ ಎಣ್ಣೆ ಬಿಡುವುದು, ಓಂಕಾಳು ಬಾಳಂತಸೋಪುಗಳನ್ನು ಕೆಂಡಕ್ಕೆ ಹಾಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಕೊಡುವುದು, ಗುಟ್ಟಿಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವುದು, ಇವನ್ನು ಮಕ್ಕಳ ವೈದ್ಯರು ನಿಷೇಧಿಸುವುದು ಸಕಾರಣವಾಗಿಯೇ. ಹೊಗೆ ಎಳೆಯ ಶ್ವಾಸಕೋಶವನ್ನು ಕೆಡಿಸುತ್ತದೆ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವನ್ನು ವರ್ಷದೊಳಗಿನ ಕರುಳು ತಡೆಯಲಾರದು. ಕಾರ್ತಿಕದ ಚಳಿಗೆ ಇದ್ದಿಲ ಶೇಗಡಿಯನ್ನು ಮಂಚದಡಿಗಿಟ್ಟು ಕಿಟಕಿ ಮುಚ್ಚುವುದಂತೂ ಪ್ರಾಣಕ್ಕೇ ಅಪಾಯ.

ಇನ್ನು ದೀಪಾವಳಿಯ ಕಿಲ್ಲೆ. ಸಿಂಹಗಡ, ರಾಜಗಡ, ತೋರಣಾ, ಪುರಂದರಗಳಿಂದ ಸುತ್ತುವರಿದ ಈ ಜಿಲ್ಲೆಯಲ್ಲಿ, ಶಿವನೇರಿಯಲ್ಲಿ ಹುಟ್ಟಿ ಪುಣೆಯ ಲಾಲ್ ಮಹಲಿನಲ್ಲಿ ಬೆಳೆದ ಬಾಲಕ ಶಿವಾಜಿಯ ಸ್ಮೃತಿಗೆಂಬಂತೆ, ಮಕ್ಕಳು ಹಬ್ಬಕ್ಕೆ ಮೊದಲು ಕಲ್ಲು, ಇಟ್ಟಿಗೆ, ಗೋಣಿತಾಟು, ಕೆಮ್ಮಣ್ಣುಗಳಿಂದ ಅಂಗಳದಲ್ಲಿ ಕೋಟೆ ಕಟ್ಟುತ್ತಾರೆ; ಅಂಗಳವಿಲ್ಲದವರಿಗೆ ಬಾಲ್ಕನಿಯೇ ಸಹ್ಯಾದ್ರಿ. ಕುಂಬಾರವಾಡೆಯಿಂದ ತಂದ ಮಣ್ಣಿನ ಮಹಾರಾಜರು ಶಿಖರದ ಸಿಂಹಾಸನದಲ್ಲಿ, ಮಾವಳೆ ಸೈನಿಕರು ಬುರುಜುಗಳಲ್ಲಿ, ಹುಲಿಯೊಂದು ಗುಹೆಯಲ್ಲಿ. ಪೇಟೆಯಲ್ಲಿ ಪ್ಲಾಸ್ಟರಿನ ಸಿದ್ಧ ಕೋಟೆಯೂ ಸಿಕ್ಕುತ್ತದೆ. ಕೈ ಕೆಸರಾಗದ ಆ ಕೋಟೆಯಿಂದ ಮಗುವಿಗೆ ಏನು ಲಾಭವೋ ಕಾಣೆ.

ಗುಡ್ಡಕ್ಕೆ ಹಸಿರು ಬರಿಸಲು ಬಿತ್ತುವುದು ಸಾಸಿವೆಯನ್ನು ಅಥವಾ ಅಳವಿಯನ್ನು. ಈ ಅಳವಿ, ಮರಾಠಿಗರ ಅಹಾಳೀವ, ಬಾಣಂತಿಗೆ ತೆಂಗಿನತುರಿ ಬೆಲ್ಲ ಕೂಡಿಸಿ ಉಂಡಿ ಕಟ್ಟಿಕೊಡುವ ಅದೇ ಕೆಂಪುಗಂದು ಬೀಜ. ನೀರು ತಾಗಿದೊಡನೆ ಲೋಳೆಯಾಗಿ ಒಂದಕ್ಕೊಂದು ಅಂಟಿಕೊಳ್ಳುವುದು ಅದರ ಗುಣವಾದಕಾರಣ, ಬೀಜವನ್ನು ಒಣಗಿದಂತೆಯೇ ಹಿಡಿದು ಒದ್ದೆಮಣ್ಣಿನ ಮೇಲೆ ತೆಳ್ಳಗೆ ಉದುರಿಸಬೇಕು. ಎರಡೂವರೆಯ ಕೈಗೆ ಆ ಮಿತಿ ಎಲ್ಲಿಂದ ಬರಬೇಕು? ಒಂದು ಮನೆಯಲ್ಲಿ ಪೋರ ಇಡೀ ಮುಷ್ಟಿಯನ್ನು ದರವಾಜೆಯ ಮುಂದೆ ಸುರಿಯತೊಡಗಿದಾಗ, ಮಡಿಲಲ್ಲಿ ಮೊಮ್ಮಗಳನ್ನಿಟ್ಟುಕೊಂಡ ಧಾರವಾಡದ ಅಜ್ಜಿ ಕುಳಿತಲ್ಲಿಂದಲೇ ಕೂಗಿದರು: “ಎಲ್ಲಾ ಒಂದs ಕಡೆ ಸುರವಬ್ಯಾಡೋ ತಮ್ಮಾ, ನಿಮ್ಮವ್ವಗ ಉಂಡಿ ಕಟ್ಟಲಿಕ್ಕೆ ಬೇಕು.” ಅವನು ತಡೆದು, ಅಂಗೈಗೆ ಅಂಟಿದ್ದನ್ನು ಒಂದೊಂದಾಗಿ ಬಿಡಿಸಿ ಮಣ್ಣಿಗೆ ಒತ್ತತೊಡಗಿದ. ಕೆಲವೇ ದಿನಗಳಲ್ಲಿ ದರವಾಜೆಯ ಮುಂದೆ ಗಿಜಿಗಿಜಿ ಕಾಡು, ಉಳಿದ ಗುಡ್ಡವೆಲ್ಲ ಬಹುತೇಕ ಬೋಳು. ಅದನ್ನು ತಿದ್ದಲು ಅವನು ಯಾರಿಗೂ ಅವಕಾಶ ಕೊಡಲಿಲ್ಲ. ಕೋಟೆಯ ಕೆರೆಯೆಂದು ಹೂಳಿದ ಬೋಗುಣಿಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಬೇಕೆಂಬುದನ್ನು ಮಾತ್ರ ಹಿರಿಯರು ನೆನಪಿಡಬೇಕು. ಡೆಂಗಿಯ ಸೊಳ್ಳೆಗೆ ಅಷ್ಟೇ ನೀರು ಸಾಕು.

ಹಬ್ಬ ಪುಣೆಯಲ್ಲಿ ವಸುಬಾರಸದಿಂದ ತೊಡಗುತ್ತದೆ. ಕರು ಸಹಿತವಾದ ಹಸುವನ್ನು ತಾಯಂದಿರು ಮಕ್ಕಳ ಕ್ಷೇಮಕ್ಕಾಗಿ ಪೂಜಿಸುವ ದ್ವಾದಶಿ ಅದು. ನರಕಚತುರ್ದಶಿಯ ನಸುಕಿನಲ್ಲಿ ಹೊಸ್ತಿಲ ಹೊರಗೆ ಕಾರೀಟವೆಂಬ ಕಹಿಕಾಯಿಯನ್ನು ಎಡಗಾಲಿನಿಂದ ಮೆಟ್ಟಿ ಒಡೆಯುವ ಅಧಿಕಾರವನ್ನು ಪೋರನಿಗೇ ಕೊಡಬೇಕು. ಕರಾವಳಿಯ ಹಿಂಡ್ಲೆಕಾಯಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಪಟಾಕಿಯ ಮಾತು ಬೇರೆ. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರವೆಂದು ಸುಪ್ರೀಂ ಕೋರ್ಟು 2018ರಲ್ಲಿ ವಿಧಿಸಿದ ಮಿತಿಯನ್ನು ಬೀದಿ ಎಷ್ಟು ಪಾಲಿಸುತ್ತದೆಂಬುದನ್ನು ತೊಟ್ಟಿಲ ಕೂಸಿನ ಬೆಚ್ಚುವಿಕೆಯೇ ಹೇಳುತ್ತದೆ. ಆ ಹೊತ್ತಿಗೆ ಕಿಟಕಿ ಮುಚ್ಚಿ ಒಳಕೋಣೆಗೆ ಸರಿಯುವುದೊಂದೇ ಉಪಾಯ. ರಜೆಯಲ್ಲೊಂದು ಬೆಳಿಗ್ಗೆ ಕೂಸನ್ನು ಅಜ್ಜಿಗೆ ಒಪ್ಪಿಸಿ, ಪೇಶ್ವೆ ಪಾರ್ಕಿನಲ್ಲಿ 1956ರಲ್ಲಿ ಆರಂಭವಾದ ‘ಫುಲರಾಣಿ’ ಎಂಬ ಪುಟ್ಟ ರೈಲಿಗೆ ಹಿರಿಯದನ್ನು ಅಪ್ಪನೊಬ್ಬನೇ ಕರೆದೊಯ್ದರೆ, ಒಂದು ವಾರದ ಹಟವಾದರೂ ಕಡಮೆಯಾದೀತು.

ಕಾರ್ತಿಕದ ಹುಣ್ಣಿಮೆ ಉತ್ತರ ಕರ್ನಾಟಕದವರಿಗೆ ಗೌರಿ ಹುಣ್ಣಿಮೆ. ಸಕ್ಕರೆಯ ಪಾಕವನ್ನು ಮರದ ಅಚ್ಚುಗಳಲ್ಲಿ ಎರೆದು ಮಾಡಿದ ಆನೆ, ಒಂಟೆ, ತೇರುಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಆರತಿ ಬೆಳಗುವ ದಿನ. ಧಾರವಾಡದ ಅಜ್ಜಿಯ ಮನೆಗೆ ಆ ಸಕ್ಕರೆ ಆರತಿ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು; ಮೊದಲ ಗೌರಿ ಹುಣ್ಣಿಮೆಯಾದುದರಿಂದ ಮೊಮ್ಮಗಳ ಹೆಸರಿನಲ್ಲಿ ಒಂದು ಆನೆ, ಮೊಮ್ಮಗನಿಗೆ ಒಂದು ಒಂಟೆ. ಹಾದಿಯ ಕುಲುಕಾಟಕ್ಕೆ ಆನೆಯ ಸೊಂಡಿಲು ಮುರಿದಿತ್ತು. ಆರತಿಯಾದ ಮೇಲೆ ಒಂಟೆಯನ್ನು ಮುಗಿಸಿ ಆನೆಗೆ ಕೈಹಾಕಿದವನನ್ನು ಅಜ್ಜಿ ತಡೆದು, ಅದು ತಂಗಿಯದಲ್ಲವೇ ಎಂದು ಕೇಳಿದರು. ಅವನು ತೊಟ್ಟಿಲ ಬಳಿ ಹೋಗಿ, ಕೂಸಿನ ಬಾಯಿಯನ್ನು ಚೆನ್ನಾಗಿ ಪರೀಕ್ಷಿಸಿ ಬಂದು ಹೇಳಿದ: “ಅಕಿಗೆ ಹಲ್ಲs ಇಲ್ಲ ಅಜ್ಜಿ, ನಾನs ತಿಂತೀನಿ.”