ಆರೋಗ್ಯಾಭ್ಯಾಸಗಳಿಗೆ ಅಡ್ಡಬರುವ ಆಲೋಚನೆಗಳು

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಓದುತ್ತಿದ್ದ ಕಾಲದಲ್ಲಿ ಓಟದ ಪಂದ್ಯಗಳಲ್ಲಿ ಯಾರಿಗೂ ಸೋಲದಿದ್ದ ಆಕೆಯು ಮಹಡಿಯ ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಮೂರು ಸಾರಿ ನಿಂತಳು. ವಿಚಾರಿಸಲಾಗಿ, ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿ ರಕ್ತಹೀನತೆಯೆಂದು ಹೇಳಿದರೆಂದೂ, ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟರೆಂದೂ, ಐದು ದಿನ ನುಂಗಿ ನಿಲ್ಲಿಸಿಬಿಟ್ಟೆನೆಂದೂ ತಿಳಿಸಿದಳು. “ನನ್ನ ಮೈಗೆ ಅದು ಒಗ್ಗುವುದಿಲ್ಲಮ್ಮ. ಮನೆಯವರ ಊಟ ಉಪಚಾರವೇ ಮುಗಿಯುವುದಿಲ್ಲ, ನನ್ನನ್ನು ನಾನು ನೋಡಿಕೊಳ್ಳುವುದು ಎಲ್ಲಿ ಬಂತು?” ಎಂದಳು.

ಆರೋಗ್ಯದ ನಿಯಮಗಳನ್ನು ಆಕೆಗೆ ಕಲಿಸಿದವರು ನಾವೇ; ಆಕೆ ಅವುಗಳನ್ನು ಮರೆತಿರಲಿಲ್ಲ. ತಿಳಿವಳಿಕೆಗೂ ಆಚರಣೆಗೂ ನಡುವೆ ಮನಸ್ಸು ಆಡುವ ಕೆಲವು ಮಾತುಗಳು ಬಂದು ನಿಲ್ಲುತ್ತವೆ. ಅವುಗಳನ್ನು ಕುರಿತೇ ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿತು.

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ವೈದ್ಯರಾದ ಆರನ್ ಬೆಕ್ ಎಂಬವರು ಖಿನ್ನತೆಯಿಂದ ನರಳುತ್ತಿದ್ದವರ ಮಾತುಗಳನ್ನು ಗಮನವಿಟ್ಟು ಕೇಳುತ್ತ ಒಂದು ಸಂಗತಿಯನ್ನು ಕಂಡುಕೊಂಡರು. ಕರೆಯದೆಯೇ ಮನಸ್ಸಿನಲ್ಲಿ ತಟಕ್ಕನೆ ಮೂಡುವ ಆಲೋಚನೆಗಳು ಕೆಲವುಂಟು. ರೋಗಿಯು ಅವುಗಳನ್ನು ಪರೀಕ್ಷಿಸದೆ ಸತ್ಯವೆಂದೇ ನಂಬುತ್ತಾನೆ, ನಂಬಿದಂತೆಯೇ ನಡೆಯುತ್ತಾನೆ. ಆ ಆಲೋಚನೆಯನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಸಾಕ್ಷ್ಯವೇನೆಂದು ಕೇಳುವುದನ್ನು ಅವರು ಚಿಕಿತ್ಸೆಯ ಕ್ರಮವಾಗಿ ರೂಪಿಸಿದರು. ಇಂದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ಕ್ರಮವು ಬಳಕೆಯಲ್ಲಿದೆ.

ಸತ್ಯವೇದವನ್ನು ಓದುವವರಿಗೆ ಇದು ತೀರ ಹೊಸದಾಗಿ ತೋರಲಾರದು. ಅರಸುಗಳ ಪ್ರಥಮ ಭಾಗದ 19ನೆಯ ಅಧ್ಯಾಯದಲ್ಲಿ ಎಲೀಯನು ಅಡವಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಆಗ ದೂತನು ಬಂದು ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ಉಂಡು ಮಲಗಿದನು; ಎದ್ದ ಮೇಲೆ ಮತ್ತೊಮ್ಮೆ ಉಂಡನು. ಅನಂತರ, ತಾನೊಬ್ಬನೇ ಉಳಿದಿರುವೆನೆಂದು ಪ್ರವಾದಿಯು ದುಃಖಿಸಿದಾಗ, ಇನ್ನೂ ಏಳು ಸಾವಿರ ಮಂದಿ ಇರುವರೆಂಬ ಲೆಕ್ಕವು ಅವನಿಗೆ ದೊರೆಯಿತು. ಮೊದಲು ಅನ್ನ ಮತ್ತು ನಿದ್ರೆ, ಆಮೇಲೆ ಸಂಗತಿಯ ನಿಜ! ಈ ಅನುಕ್ರಮವು ನಮಗೆ ಬಹಳ ಅರ್ಥವತ್ತಾಗಿ ಕಂಡಿದೆ.

ಈಗ ನಮ್ಮ ವಿದ್ಯಾರ್ಥಿನಿಯ ಮಾತಿಗೆ ಬರೋಣ. ‘ಮೈಗೆ ಒಗ್ಗುವುದಿಲ್ಲ’ ಎಂಬುದರಲ್ಲಿ ನಿಜದ ಅಂಶವುಂಟು. ಕಬ್ಬಿಣದ ಮಾತ್ರೆಯಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲವು ಕಪ್ಪಾಗುತ್ತದೆ. ಕಪ್ಪಾಗುವುದು ಸಹಜ, ಹೆದರಬೇಕಾದುದಲ್ಲ. ತೊಳಸುವಿಕೆಯನ್ನು ವೈದ್ಯರಿಗೆ ಹೇಳಿದರೆ ಊಟವಾದ ಮೇಲೆ ಸೇವಿಸುವಂತೆಯೋ ಪ್ರಮಾಣವನ್ನು ಬದಲಾಯಿಸಿಯೋ ಕೊಡಬಲ್ಲರು. ಕಾಫಿ ಟೀಗಳೊಡನೆ ಸೇವಿಸಿದರೆ ಕಬ್ಬಿಣವು ಮೈಗೆ ಸರಿಯಾಗಿ ಹತ್ತದು; ನಿಂಬೆ, ನೆಲ್ಲಿಕಾಯಿಗಳು ಅದಕ್ಕೆ ಸಹಾಯಕ. ಹೀಗಿರಲು, ‘ಐದು ದಿನ ಕಷ್ಟವಾಯಿತು’ ಎಂಬ ಸಣ್ಣ ಸತ್ಯವನ್ನು ‘ಎಂದಿಗೂ ಒಗ್ಗದು’ ಎಂಬ ದೊಡ್ಡ ತೀರ್ಪನ್ನಾಗಿ ಮಾಡಿದವರು ಯಾರು?

ಎರಡನೆಯ ಮಾತು ಇದಕ್ಕಿಂತ ಕಠಿನವಾದುದು. ನಮ್ಮ ಹೆಬ್ಬೂರು, ಗುಬ್ಬಿ, ಕುಣಿಗಲ್ ಸೀಮೆಯ ಮನೆಗಳಲ್ಲಿ ಬಸ್ಸಾರು ಮಾಡಿದ ದಿನ ಸೊಪ್ಪು ಕಾಳುಗಳ ಪಲ್ಯವು ಮೊದಲ ಪಂಕ್ತಿಗೇ ತೀರಿಹೋಗುತ್ತದೆ. ಕೊನೆಗೆ ಕುಳಿತುಕೊಳ್ಳುವ ತಾಯಿಗೆ ಉಳಿಯುವುದು ಮುದ್ದೆಯ ತುಣುಕು ಮತ್ತು ತಿಳಿಸಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ‘ಎಲ್ಲರೂ ಉಂಡ ಮೇಲೆಯೇ ನಾನು ಉಣ್ಣಬೇಕು’ ಎಂಬ ಆಲೋಚನೆಯು ಆಕೆಯ ತಲೆಯಲ್ಲಿ ತಾನಾಗಿ ಹುಟ್ಟಿದುದಲ್ಲ, ಹುಡುಗಿಯಾಗಿದ್ದಾಗಲೇ ಕಲಿಸಲ್ಪಟ್ಟುದು. ಆದುದರಿಂದ ‘ಮನಸ್ಸನ್ನು ತಿದ್ದಿಕೊ’ ಎಂದು ಹೆಣ್ಣೊಬ್ಬಳಿಗೇ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಈ ಸಂಚಿಕೆಯನ್ನು ಓದುವ ತಂದೆಗಳೂ ಅತ್ತೆಯವರೂ ಪಲ್ಯದಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡುವರಾದರೆ ಅರ್ಧ ಚಿಕಿತ್ಸೆಯು ಅಡಿಗೆಮನೆಯಲ್ಲಿಯೇ ಆಗಿಹೋಗುವುದು.

ಇನ್ನೊಂದು ಆಲೋಚನೆಯನ್ನು ನಮ್ಮ ಅನುಭವದಿಂದಲೇ ಬಲ್ಲೆವು. ಬೆಳಗಿನ ಹೊತ್ತು ಕುಣಿಗಲ್ ಕಡೆಯ ರಸ್ತೆಯಲ್ಲಿ, ಲಾರಿಗಳ ಗದ್ದಲವು ಆರಂಭವಾಗುವುದಕ್ಕೆ ಮುಂಚೆ, ಅರ್ಧ ಗಂಟೆ ನಡೆಯುವುದೆಂದು ನಿಶ್ಚಯಿಸಿ ಹನ್ನೆರಡು ದಿನ ನಡೆದೆವು. ಅಷ್ಟರಲ್ಲಿ ಪರೀಕ್ಷೆಯ ಕೆಲಸ ಬಂದು ಮೂರು ದಿನ ತಪ್ಪಿತು. ‘ವ್ರತ ಕೆಟ್ಟಿತು, ಇನ್ನೇನು’ ಎಂದಿತು ಮನಸ್ಸು. ಮುಂದೆ ಎರಡು ತಿಂಗಳು ಪಾದರಕ್ಷೆಗಳು ಮೂಲೆಯಲ್ಲಿಯೇ ಇದ್ದುವು; ಮಕ್ಕಳಿಗೆ ಶಿಸ್ತನ್ನು ಬೋಧಿಸುವ ನಮಗೆ ಇದನ್ನು ಬರೆಯಲು ಸಂಕೋಚವೇ. ಲಂಡನ್ನಿನ ಸಂಶೋಧಕರು 96 ಮಂದಿಯನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನವೊಂದನ್ನು ಆ ಬಳಿಕ ಓದಿದೆವು. ಹೊಸ ಅಭ್ಯಾಸವೊಂದು ರೂಢಿಯಾಗಲು ಸಾಮಾನ್ಯವಾಗಿ 66 ದಿನಗಳೂ, ಜನರನ್ನೂ ಅಭ್ಯಾಸವನ್ನೂ ಅನುಸರಿಸಿ 18ರಿಂದ 254 ದಿನಗಳವರೆಗೂ ಹಿಡಿಯಬಹುದೆಂದು ಅವರು ಲೆಕ್ಕಹಾಕಿದ್ದಾರೆ. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲವೆಂಬುದೂ ಅದರಲ್ಲಿದೆ. ಹನ್ನೆರಡು ದಿನಕ್ಕೇ ನಮ್ಮ ಮೇಲೆ ತೀರ್ಪು ಕೊಟ್ಟುಕೊಂಡಿದ್ದೆವಲ್ಲ!

ಕೆಟ್ಟ ಆಲೋಚನೆಯನ್ನು ಓಡಿಸಿ ಸಿಹಿಯಾದ ಸುಳ್ಳನ್ನು ಕೂರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ‘ನಾಳೆಯಿಂದ ಎಲ್ಲವೂ ಸುಲಭ’ ಎಂಬುದೂ ಅಷ್ಟೇ ಸುಳ್ಳು. ‘ಇಂದು ಕಷ್ಟ, ಆದರೂ ಹತ್ತು ನಿಮಿಷ ನಡೆಯಬಲ್ಲೆ’ ಎಂಬುದು ನಿಜವಾದರೆ ಅಷ್ಟು ಸಾಕು. ಎರಡು ವಾರ ಕಳೆದರೂ ಮನಸ್ಸು ಕವಿದೇ ಇದ್ದು ಊಟ ನಿದ್ರೆಗಳು ಕೆಟ್ಟರೆ, ಅದು ಸ್ವಪ್ರಯತ್ನಕ್ಕೆ ಬಿಡುವ ವಿಷಯವಲ್ಲ, ವೈದ್ಯರನ್ನು ಕಾಣತಕ್ಕದ್ದು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ದಿನ ನಾವು ಆ ವಿದ್ಯಾರ್ಥಿನಿಗೆ ಹೇಳಿದುದು ಇಷ್ಟೆ: ಮನಸ್ಸಿಗೆ ಬಂದ ಮಾತನ್ನು ಒಂದು ಚೀಟಿಯಲ್ಲಿ ಬರೆ; ಅದರ ಪಕ್ಕದಲ್ಲಿ ನಿಜವೆಷ್ಟೆಂದು ಬರೆ; ಅದನ್ನು ತೆಗೆದುಕೊಂಡು ಆಸ್ಪತ್ರೆಗೆ ಹೋಗು. ಹೋದಳು. ರಾತ್ರಿ ಊಟದ ಮೇಲೆ ಮಾತ್ರೆ ನುಂಗುವಂತೆ ಹೇಳಿದರಂತೆ. ಮೊನ್ನೆ ಮಗಳ ಕೈಯಲ್ಲಿ ನಮಗೆ ಪತ್ರ ಕಳುಹಿಸಿದ್ದಳು. ಹೀಮೊಗ್ಲೋಬಿನ್ 8.2 ಇದ್ದುದು 11.4 ಆಗಿದೆ, ಇರಬೇಕಾದ 12ಕ್ಕೆ ಇನ್ನೂ ಮುಟ್ಟಿಲ್ಲ, ಮಾತ್ರೆಗಳು ಮುಂದುವರಿದಿವೆ. ಹಬ್ಬದ ಗಡಿಬಿಡಿಯಲ್ಲಿ ನಾಲ್ಕು ದಿನ ಮರೆತೆನೆಂದೂ, ಐದನೆಯ ದಿನ ಮತ್ತೆ ತೆಗೆದುಕೊಂಡೆನೆಂದೂ ಪತ್ರದ ಅಂಚಿನಲ್ಲಿ ಬರೆದಿದ್ದಳು.